ಪ್ರೆಸ್ಕಾಟ್ ಕೇಳಿದ ಅಚ್ಚು

ಅಕ್ಟೋಬರ್ 15, ಮಂಗಳವಾರ. ಹ್ಯಾಮಿಲ್ಟನ್.

ಆ ನಿರ್ದೇಶಕ ಪ್ರೆಸ್ಕಾಟನ ಮೂತಿ ನೆನೆದರೆ ಈಗಲೂ ಮೈ ಉರಿಯುತ್ತದೆ. ಭಯದ ಸಿನಿಮಾಗಳಿಗೆ ಸುಲಿದ ಚರ್ಮ, ಒಡೆದ ಹೊಟ್ಟೆ ಮಾಡಿಕೊಡುವುದರಲ್ಲಿ ಇಡೀ ಒಂಟಾರಿಯೋದಲ್ಲಿ ನನ್ನಂಥವನಿಲ್ಲ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಎಂಟನೇ ಕ್ಲಾಸು. ಈ ಪುಣ್ಯಾತ್ಮ ಕಾಲೇಜು ಕಲಿತು ಬಂದು ನನಗೇ ಕೆಲಸ ಕಲಿಸುತ್ತಾನೆ.

ನನ್ನ ವರ್ಕ್‌ಶಾಪಿನ ಕಪಾಟಿನಲ್ಲಿ ಅಕ್ಕನ ಮಗಳು ಆಡ್ರಾಳ ಹಳೇ ಮುಖದ ಪ್ಲಾಸ್ಟರ್ ಅಚ್ಚಿತ್ತು. ಅವಳನ್ನು ಎಲ್ಲರೂ ಹುಡುಗ ಅಂದುಕೊಂಡಿದ್ದ ಕಾಲದಲ್ಲಿ ನಾನೇ ತೆಗೆದದ್ದು. ಅದು ಯಾರ ಮುಖ ಅಂತ ಕೇಳಿ ತಿಳಿದವನೇ ಪ್ರೆಸ್ಕಾಟ್ ಹಿಗ್ಗಿ ಆಡ್ರಾಳತ್ತ ಬೆರಳು ತೋರಿಸಿದ.

"ಈ ಗಂಡು ಮುಖ ಪರಪರ ಹರೀಬೇಕು, ಒಳಗಿಂದ ಇವಳು ರಕ್ತ ಸುರಿಸ್ಕೊಂಡು ಬರಬೇಕು!"

ರಬ್ಬರ್ ಚರ್ಮಕ್ಕೆ ಬಣ್ಣ ಹಚ್ಚುತ್ತಿದ್ದ ಆಡ್ರಾ ತಲೆ ಎತ್ತಲಿಲ್ಲ. "ನನ್ನದೇನೂ ಹರೀಲಿಲ್ಲ ಸ್ವಾಮಿ. ನಾಲ್ಕು ವರ್ಷ ಮಾತ್ರೆ ನುಂಗಿದೆ, ಆಸ್ಪತ್ರೆ ಕ್ಯೂನಲ್ಲಿ ನಿಂತೆ, ಅಷ್ಟೇ. ಮಾವ, ಆ ಅಚ್ಚು ಕೊಡಬೇಡ."

"ಜನಕ್ಕೆ ಅದೆಲ್ಲ ಸಪ್ಪೆ," ಅಂದ ಬೃಹಸ್ಪತಿ.

ಅಚ್ಚು ಎತ್ತಿ ಅವನ ಕಾಲಬುಡಕ್ಕೇ ಕುಕ್ಕಿದೆ. ಚೂರುಚೂರಾಯಿತು. "ತಗೋ, ಆರಿಸ್ಕೊಂಡು ಹೋಗು," ಅಂದೆ. ಆ ಸಿನಿಮಾ ಕೈತಪ್ಪಿತು, ತಪ್ಪಲಿ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಬೀಗಿದ್ದೇ ಬೀಗಿದ್ದು. ಆದರೆ ಆಡ್ರಾ ಮೊದಲ ಸಲ ಲಂಗ ತೊಟ್ಟು ಊಟಕ್ಕೆ ಬಂದ ದಿನ, ಭೂತ ಕಂಡವನ ಹಾಗೆ ತಟ್ಟೆ ಬಿಟ್ಟು ಎದ್ದು ಹೋದವನು ನಾನೇ. ಇವತ್ತು ಪ್ರೆಸ್ಕಾಟನೆದುರು ಅವಳು ಅದನ್ನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಆ ಅಚ್ಚು ಒಡೆಯುತ್ತಿದ್ದೆ?