ರಸ್ತೆ ದಾಟದ ಹೆನಿಂಗ್

ಹನೋಯ್, ಅಕ್ಟೋಬರ್ ೧೪

ನಾಳೆ ಹೆನಿಂಗ್ ಅವರಿಗೆ ಊರು ಹೇಗೆ ತೋರಿಸಲಿ? ಇಷ್ಟು ವರ್ಷ ಗೈಡ್ ಆಗಿದ್ದರೂ ತೋಚುತ್ತಿಲ್ಲ.

ಡೆನ್ಮಾರ್ಕಿನ ಈ ವಯಸ್ಸಾದ ದಂಪತಿ ಮಧ್ಯಾಹ್ನವಷ್ಟೇ ಬಂದಿಳಿದರು. ಸಂಜೆ ಊಟಕ್ಕೆ ಹೊರಟಾಗ ಎಲ್ಲರಿಗೂ ಹೇಳುವುದನ್ನೇ ಹೇಳಿದೆ: "ನಿಲ್ಬೇಡಿ, ಓಡ್ಬೇಡಿ. ನಿಧಾನಕ್ಕೆ ನಡೀತಾ ಇರಿ, ಸ್ಕೂಟರಿನವ್ರೇ ಸುತ್ತಿ ಹೋಗ್ತಾರೆ." ಹೆಂಡತಿ ಬಿರ್ಗಿಟ್ ನಗುತ್ತಾ ನನ್ನ ಜೊತೆ ರಸ್ತೆ ದಾಟಿದರು. ಹೆನಿಂಗ್ ಆಚೆಯೇ ನಿಂತುಬಿಟ್ಟರು.

"ಏನೇ ಲ್ಯೂ, ನಿನ್ನ ಬಿಳಿ ತಾತ ಕಂಬ ಆಗ್ಬಿಟ್ನಾ?" ಎಂದು ನಾವು ದಾಟಿದ ಬದಿಯಲ್ಲಿ ಫೋ ಎಂಬ ನೂಡಲ್ಸ್ ಸಾರು ಮಾರುವ ಥೋವಾ ಅಜ್ಜಿ ನಕ್ಕಳು.

ವಾಪಸು ಹೋಗಿ ಅವರ ಕೈ ಹಿಡಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ನಾನು ರೈಲು ಓಡಿಸ್ತಿದ್ದೆ ಕಣಮ್ಮ. ಒಂದಿನ ಹಳಿ ಮೇಲೆ ಒಬ್ಳು ನಡ್ಕೊಂಡು ಬಂದ್ಲು. ಬ್ರೇಕ್ ಹಾಕ್ದೆ. ರೈಲು ನಿಲ್ಲಲಿಲ್ಲ."

ಅಲ್ಲೇ ಇರಿ ಎಂದು ಬಿರ್ಗಿಟ್ ಅವರಿಗೆ ಕೈ ಬೀಸಿದೆ.

ಅಷ್ಟರಲ್ಲಿ ಆಚೆಯಿಂದ ಥೋವಾ ಅಜ್ಜಿ, "ಪಾಪ, ಹಸ್ದಿರ್ತಾನೆ" ಎನ್ನುತ್ತಾ ಬಿಸಿ ಬಟ್ಟಲು ಹಿಡಿದು, ಎಡಬಲ ನೋಡದೆ ಸ್ಕೂಟರುಗಳ ನಡುವೆ ಇಳಿದಳು. ಹೆನಿಂಗ್ ನನ್ನ ಕೈ ಬಿಡಿಸಿಕೊಂಡು ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡರು. "ಬಂದ್ಲಾ? ಬಂದ್ಲಾ?" ಎಂದು ಕೇಳುತ್ತಲೇ ಇದ್ದರು.

ಅಜ್ಜಿ ಎದುರಿಗೇ ಬಂದು ನಿಂತು, "ತಗೋ, ಉಣ್ಣು" ಎಂದ ಮೇಲೂ ಅವರು ಕೈ ತೆಗೆಯಲಿಲ್ಲ.