ಲಿವಾ ಬಿಸಿಲಿನ ಹಪ್ಪಳ

ಅಕ್ಕಾ,

ಲಿವಾ ಮರುಭೂಮಿಯಿಂದ, ಬಾಡಿಗೆ ಕಾರವಾನಿನ ಮೆಟ್ಟಿಲ ಮೇಲೆ ಕೂತು ಬರೀತಿದ್ದೇನೆ. ಇವರು ರಿಟೈರ್ ಆದರಲ್ಲ, ವೀಸಾ ಮುಗಿಯುವ ಮೊದಲು ಈ ಅರಬಿ ದೇಶ ಒಮ್ಮೆ ಸರಿಯಾಗಿ ನೋಡುವ ಅಂತ ಹೊರಟದ್ದು. ಅಡುಗೆ, ನಿದ್ದೆ ಎಲ್ಲ ಗಾಡಿಯೊಳಗೇ.

ನಾವಿದ್ದ ರುವೈಸಿನ ಕಂಪೆನಿ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಏನೂ ಒಣಗಿಸುವ ಹಾಗಿರಲಿಲ್ಲ. ಇಷ್ಟು ಒಳ್ಳೆ ಬಿಸಿಲು ಮೂವತ್ತೊಂದು ವರ್ಷ ದಂಡವಾಯ್ತಲ್ಲ ಅಂತ ನನಗೆ ಹೊಟ್ಟೆ ಉರಿ. ಅದಕ್ಕೆ ನಿನ್ನೆ ಅಕ್ಕಿ ಹಪ್ಪಳ ಮಾಡಿ, ಒಂಟೆ ಬಾಯಿ ಹಾಕಬಾರದು ಅಂತ ಗಾಡಿಯ ಮಾಡಿನ ಮೇಲೆ ಬೆಡ್‌ಶೀಟಿನಲ್ಲಿ ಹರವಿದೆ. ಇವತ್ತು ಬೆಳಿಗ್ಗೆ ಇವರು ಮರೆತು ಗಾಡಿ ಬಿಟ್ಟೇ ಬಿಟ್ಟರು! ನಾನೂ ಮರೆತಿದ್ದೆ, ಅದು ಬೇರೆ ಮಾತು.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಒಂದೇ ಸಮ ಹಾರ್ನ್. ಬಿಳಿ ನಿಲುವಂಗಿಯ ಅರಬಿ ಅಜ್ಜ ಒಬ್ಬರು ಇಳಿದು ಬಂದು, ದಾರಿಯಲ್ಲಿ ಹಾರಿ ಬಿದ್ದಿದ್ದ ಬೆಡ್‌ಶೀಟನ್ನು ಮೂಟೆ ಕಟ್ಟಿ ನನ್ನ ಕೈಗಿಟ್ಟು, "ಮಾಮಾ, ಯೇ ಕ್ಯಾ ಹೈ?" ಅಂದರು. ಇಲ್ಲಿಯವರಿಗೆ ಮಾಮಾ ಅಂದರೆ ಅಮ್ಮ. ಅರ್ಧ ಹಪ್ಪಳ ಗಾಳಿಗೆ ಹೋಗಿತ್ತು. ಉಳಿದದ್ದರಲ್ಲಿ ನಾಲ್ಕು ಅಲ್ಲೇ ಕರಿದು ಕೊಟ್ಟೆ. ತಿಂದು, ಮೀಸೆ ಒರೆಸಿಕೊಂಡು, "ಯಲ್ಲಾ, ಔರ್ ದೋ!" ಅಂತ ರಸ್ತೆ ಬದಿಯಲ್ಲೇ ಕೂತುಬಿಟ್ಟರು ಮಾರಾಯ್ತಿ. ಇವರು ಚಹಾ ಮಾಡಿದರು. ಹೌದು, ಇವರೇ!

ಇಲ್ಲಿ ನನ್ನ ಮೊಣಕಾಲು ನೋವು ಮಾಫಿ, ಸುದ್ದಿಯೇ ಇಲ್ಲ. ಇವರ ಬಿಪಿ ಮಾತ್ರೆ ಊರಿಗೆ ಬರುವವರೆಗೆ ಸಾಕಾಗ್ತದೆ. ಈ ಪೋಸ್ಟ್‌ಕಾರ್ಡಿನಲ್ಲಿ ಬರೆಯುವ ಜಾಗ ಖಲಾಸ್ ಆಗ್ತಾ ಬಂತು.

ಈ ವರ್ಷ ನೀನು ಹಪ್ಪಳ ಮಾಡಬೇಡ. ಪ್ರತಿ ರಜೆಗೂ ನನಗೆ ಕಟ್ಟಿ ಕಳಿಸಿದ್ದು ಸಾಕು, ಈ ಸಲ ನಾನು ತರ್ತೇನೆ. ಮರಳು ಸಿಕ್ಕಿದರೆ ಮಾತಾಡದೆ ನುಂಗು.

ನಿನ್ನ ಲೋಲಾಕ್ಷಿ