ಮಮತಾ ಬದುಕಿದ್ದಾಳೆ, ಸಾಹೇಬರೇ

ಮಾನ್ಯ ನೋಂದಣಾಧಿಕಾರಿಗಳೇ,

ಮಮತಾ ಬದುಕಿದ್ದಾಳೆ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದಿನವಿಡೀ ಕಂಡವರ ನಾಡಿ ಹಿಡಿದು ನೋಡುವ ಈ ಹೆಣ್ಣುಮಗಳು, ತನ್ನ ನಾಡಿಯೂ ಬಡಿಯುತ್ತಿದೆಯೆಂದು ನಿಮ್ಮನ್ನು ನಂಬಿಸಲಾಗದೆ ಸೋತಿದ್ದಾಳೆ. ಅವಳ ಪರವಾಗಿ ಸಹಿ ಹಾಕಬೇಕಾಗಿದ್ದ ನಾನೂ ಸೋತಿದ್ದೇನೆ. ಅದಕ್ಕೇ ಇದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಟಪಾಲಿಗೆ ಹಾಕಿದರೆ ಪತ್ರವೇ ಖುದ್ದು ಹಾಜರಾಗಲಿ ಎಂದೀರಿ.

ಮಮತಾ ನನ್ನ ಸೋದರತ್ತೆ ಮಂಜಿಯ ಒಬ್ಬಳೇ ಮಗಳು. ಮಂಜಿ ಆಯುಷ್ಯವನ್ನೆಲ್ಲ ಬಾಡಿಗೆ ಬಿಡಾರಗಳಲ್ಲಿ ಕಳೆದವಳು. ಅವಳಿಗೆಂದು ಮಗಳು ಹೆಗ್ಗರಣೆಯಲ್ಲಿ ವಿಶ್ವೇಶ್ವರ ಹೆಗಡೆಯವರ ಖಾಲಿ ಮನೆ ಕೊಳ್ಳಲು ಮಾತಾಡಿದಳು. ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ನೌಕರಿ. ಆದ್ದರಿಂದ ನನ್ನ ಹೆಸರಿಗೆ ಮುಖತ್ಯಾರ ಪತ್ರ ಬರೆದು, ಅಲ್ಲಿನ ನಮ್ಮದೇ ರಾಯಭಾರ ಕಚೇರಿಯ ಮೊಹರು ಹಾಕಿಸಿ ಕಳಿಸಿದಳು. ನಾನು ಘಟ್ಟ ಇಳಿದು ಜಿಲ್ಲಾ ಕಚೇರಿಯ ಮುದ್ರೆಯನ್ನೂ ಒತ್ತಿಸಿಕೊಂಡು ಬಂದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನೀವು ಕೊಡಲಿಲ್ಲ.

"ಸತ್ತವರ ಹೆಸರಿನ ಮ್ಯಾಲೆ ಬಾಳ ವ್ಯವಹಾರ ನಡದಾವ್ರಿ. ಆಕಿ ಜೀವಂತ ಅದಾಳ ಅಂತ ನಾ ಹ್ಯಾಂಗ ನಂಬ್ಲಿ? ಖುದ್ದ ಕರಕೊಂಡ ಬರ್ರಿ," ಎಂದಿರಿ. ಅವಳು ಬದುಕಿದ್ದಾಳೆಂಬ ಪ್ರಮಾಣಪತ್ರ ಕೊಟ್ಟೆ, ನೋಡಲಿಲ್ಲ. ವಿಡಿಯೋದಲ್ಲಿ ಅವಳನ್ನೇ ತೋರಿಸಿದೆ. ಅವಳು ಅಲ್ಲಿಂದ ನಮಸ್ಕಾರ ಮಾಡಿದಳು, ನೀವು ಮುಖ ತಿರುಗಿಸಿದಿರಿ. ಖುದ್ದು ಬರುವಂತಿದ್ದರೆ ಮುಖತ್ಯಾರ ಪತ್ರ ಯಾಕೆ ಬೇಕಿತ್ತು? ಹಪ್ಪಳ ಸುತ್ತುವುದಕ್ಕೆ?

ಶಿರಸಿಯಲ್ಲಿ ನನ್ನದು ಅಡಿಕೆ ದಲಾಲಿ ಅಂಗಡಿ. ವಾನಳ್ಳಿಯ ಬೆಳೆಗಾರ ಮನೆಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿರುತ್ತಾನೆ, ಇಲ್ಲಿ ಅವನ ಅಡಿಕೆ ರಾಶಿ ಟೆಂಡರಿನಲ್ಲಿ ಮಾರಾಟವಾಗುತ್ತದೆ. ಮೂಟೆ ಕಳಿಸಿದವನು ಜೀವಂತ ಇದ್ದಾನೆಯೇ ಎಂದು ಯಾವ ವ್ಯಾಪಾರಿಯೂ ಕೇಳಿದ್ದಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ನಿಂತೇ ಈ ಪೇಟೆ ನಡೆದಿದೆ. ನಿಮ್ಮ ಕಚೇರಿಯಾದರೂ ಬೇರೆಯೇ? ಎಷ್ಟೋ ದಿನ ನಿಮ್ಮ ಕುರ್ಚಿಗೆ ನೇತುಹಾಕಿದ ಛತ್ರಿ ತೋರಿಸಿ "ಸಾಹೇಬ್ರು ಇದ್ದಾರೆ" ಎಂದು ಜವಾನ ನನ್ನನ್ನು ಸಂಜೆವರೆಗೆ ಕೂರಿಸಿದ್ದಾನೆ. ಆ ಛತ್ರಿಗೆ ಮುಖತ್ಯಾರ ಪತ್ರ ಬರೆದುಕೊಟ್ಟವರು ಯಾರು?

ಇಷ್ಟರಲ್ಲಿ ಹೆಗಡೆಯವರು ಅತ್ತೆಯ ಬಿಡಾರಕ್ಕೇ ಬಂದು ಅವಳ ಮುಂದೆ ಆ ಮನೆಯ ಕೀಲಿ ಇಟ್ಟರು. "ತಗ, ಹೋಗಿ ಉಳಿ. ಕಾಗದ ಆಗ್ತು ಬಿಡು, ಆನು ಎಲ್ಲಿಗೂ ಓಡಿ ಹೋಗ್ತ್ನಿಲ್ಲೆ," ಎಂದರು. ಅತ್ತೆ ಕೀಲಿ ಮುಟ್ಟಲಿಲ್ಲ. "ಮಗಳ ಹೆಸರಿಗೆ ಆಗ್ದೇ ನಾ ಅಲ್ಲಿ ಒಲೆ ಹಚ್ಚೂದಿಲ್ರಾ ಹೆಗಡೇರೇ. ಮತ್ತೊಬ್ರ ಮನೇಲಿ ಹಚ್ಚಿದ್ದು ಸಾಕು," ಎಂದಳು. ನಿಮ್ಮ ಕಾಗದದ ಮೇಲೆ ನಿಮಗಿಂತ ಹೆಚ್ಚು ಗೌರವ ಇಟ್ಟವಳು ಅವಳು.

ಕೊನೆಗೆ ಮಮತಾ ತನ್ನ ರಜೆಯನ್ನೆಲ್ಲ ಬಳಿದುಕೊಂಡು ಬಂದಳು. ನಿಮ್ಮ ಮೇಜಿನ ಮುಂದೆ ಉಸಿರಾಡುತ್ತ ನಿಂತಳು. ಆಗ ನೀವು ಹೇಳಿದ್ದನ್ನು ಊರು ಕೇಳಲಿ: "ಪಾಳಿ ಇರೂದು ಮುಖತ್ಯಾರನ ಹೆಸರಲೇ. ಈಗ ಖುದ್ದ ಬಂದಾರ, ಹೊಸಾದಾಗಿ ಅರ್ಜಿ ಹಾಕ್ರಿ." ಹೊಸ ಪಾಳಿ ಬರುವಷ್ಟರಲ್ಲಿ ಅವಳ ರಜೆ ತೀರಿತ್ತು. ಅವಳು ವಿಮಾನ ಹತ್ತಿದ ಮೇಲೆ ಪುನಃ ನಾನು ಬಂದರೆ, ಅವಳು ಒಮ್ಮೆ ಭಾರತಕ್ಕೆ ಬಂದುಹೋದ್ದರಿಂದ ಹಳೆಯ ಪತ್ರ ಊರ್ಜಿತವೋ ಅಲ್ಲವೋ ಎಂದು ಮೇಲಿನವರನ್ನು ಕೇಳಬೇಕೆಂದಿರಿ. ಇಂಥ ಬುದ್ಧಿಗೆ ಸರ್ಕಾರ ಸಂಬಳ ಕೊಡುತ್ತದೆ ಎನ್ನುವುದೇ ನನಗೆ ನಾಚಿಕೆ.

ನೀವು ಮೇಲಿನವರನ್ನು ಕೇಳುತ್ತಲೇ ಇದ್ದೀರಿ. ಆಷಾಢದಲ್ಲಿ ಅತ್ತೆ ಬಾಡಿಗೆ ಬಿಡಾರದಲ್ಲೇ ತೀರಿಹೋದಳು. ಮಗಳಿಗೆ ರಜೆ ಸಿಗಲಿಲ್ಲ, ಇದ್ದದ್ದನ್ನೆಲ್ಲ ತಾನು ಬದುಕಿದ್ದೇನೆಂದು ನಿಮಗೆ ತೋರಿಸಲು ಖರ್ಚು ಮಾಡಿದ್ದಳಲ್ಲ. ಫೋನಿನಲ್ಲಿ, "ಸತೀಶಣ್ಣ, ನನ್ನ ಬದ್ಲಿ ನೀನೇ ಎಲ್ಲ ಮಾಡು," ಎಂದಳು. ಅವಳ ಬದಲಿಗೆ ನಾನೇ ಬೆಂಕಿ ಇಟ್ಟೆ. ಕ್ರಿಯೆಯ ದಿನ ಮಮತಾಳ ಹೆಸರು ಹೇಳಿ ಬಾಳೆಲೆಯಲ್ಲಿ ಎಡೆ ಇಟ್ಟೆ. ಮುಖ್ಯವಾದವರು ಬಾರದಿದ್ದರೆ ಕಾಗೆ ಮುಟ್ಟುವುದಿಲ್ಲ ಎಂದು ಹಿರಿಯರು ಪಿಸುಗುಟ್ಟುತ್ತಿದ್ದರು. ಕಾಗೆ ಬಂತು. ನೇರ ಎಡೆಗೇ ಬಂದು ಅನ್ನ ಮುಟ್ಟಿತು. ಫೋನಿನಲ್ಲಿ ನೋಡುತ್ತಿದ್ದ ಮಮತಾ ಆಗ ಅತ್ತಳು. ಬೆಂಕಿ ಒಪ್ಪಿತು, ಕಾಗೆ ಒಪ್ಪಿತು, ಸತ್ತವಳೂ ಒಪ್ಪಿದಳು. ನೀವೊಬ್ಬರು ಒಪ್ಪಲಿಲ್ಲ.

ಆ ಮನೆ ಮಮತಾಗೆ ಈಗಲೂ ಬೇಕು. ತಾಯಿಯ ವರ್ಷಾಂತಿಕ ಅಲ್ಲೇ ಆಗಬೇಕು, ಅಲ್ಲಿನ ಒಲೆಯಲ್ಲೇ ಅವಳ ಎಡೆ ಬೇಯಬೇಕು ಎಂದಿದ್ದಾಳೆ. ಅಷ್ಟರೊಳಗೆ ಅದೇ ಮುಖತ್ಯಾರ ಪತ್ರದ ಮೇಲೆ ಆ ಮನೆಯನ್ನು ಅವಳ ಹೆಸರಿಗೆ ನೋಂದಾಯಿಸಿ, ಇಲ್ಲವೇ ಯಾವ ಕಾನೂನಿನ ಪ್ರಕಾರ ಆಗದೆಂದು ಬರೆದುಕೊಡಿ. ನೋಂದಾಯಿಸಿದರೆ ವರ್ಷಾಂತಿಕದ ಊಟಕ್ಕೆ ನಿಮಗೂ ಕರೆ ಇದೆ. ಮಂಜಿ ಕೂರಬೇಕಿದ್ದ ಜಗಲಿಯಲ್ಲಿ ನಿಮಗೆ ಮಣೆ ಹಾಕಿಸುತ್ತೇನೆ. ಖುದ್ದು ಬನ್ನಿ, ಛತ್ರಿ ಕಳಿಸಬೇಡಿ.

ಇಂತಿ,
ಕಾಗೆ ನಂಬಿದ, ಕಚೇರಿ ನಂಬದ ಮುಖತ್ಯಾರ,
ಸತೀಶ, ಶಿರಸಿ